ಆಟದ ಮನೆಯೂ ನಮ್ಮ ಮನೆಯೂ



ಪಾಸ್ಕ ಹಬ್ಬ ಮುಗಿದ ಮೇಲೆ ಮನೆಮನೆಗೆ ಹೋಗಿ ತೀರ್ಥ ಪ್ರೋಕ್ಷಿಸಿ ಆಶೀರ್ವದಿಸುವುದು ನಮ್ಮ ಧರ್ಮಕೇಂದ್ರದ ವಾಡಿಕೆ. ಕಲಬುರಗಿಯ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಬೆಳಗ್ಗೆ ಏಳಕ್ಕೆ ಹೊರಟರೆ ಹತ್ತೂವರೆಗೆಲ್ಲ ಗುರುನಿವಾಸ ಸೇರಿಕೊಳ್ಳಬೇಕು. ಹೋದ ವರ್ಷ ಹಾಗೆ ಹೊರಟ ಒಂದು ದಿನ, ಒಂದೇ ಮನೆಯಲ್ಲಿ ನಾನು ಹನ್ನೆರಡೂವರೆಯವರೆಗೆ ಕುಳಿತುಬಿಟ್ಟೆ. ಅಲ್ಲಿ ನಡೆದದ್ದನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ. ಇದು ಪಾಪನಿವೇದನೆಯಲ್ಲಿ ಕೇಳಿದ ವಿಷಯವಲ್ಲ. ಆ ಮನೆಯವರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ.

ತಂದೆ ತೊಗರಿಬೇಳೆ ಮಿಲ್ಲಿನಲ್ಲಿ ಕೆಲಸಗಾರ. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮಗಳಿಗೆ ಹತ್ತೊಂಬತ್ತು ವರ್ಷ, ನರ್ಸಿಂಗ್ ಓದುತ್ತಿದ್ದಾಳೆ. ಮಗ ಒಂಬತ್ತನೆಯ ತರಗತಿ. ನಾನು ಹೊಸ್ತಿಲು ದಾಟುವ ಮೊದಲೇ ತಾಯಿ ದೂರು ತೆಗೆದರು: “ಫಾದರ್, ಮೊದಲ ಇವನಿಗಿ ಒಂದೀಟು ಬುದ್ಧಿ ಹೇಳ್ರಿ. ಅಕ್ಕನ ಲ್ಯಾಪ್‌ಟಾಪ್‌ನ್ಯಾಗ ಏನೇನೋ ಹೊಲಸು ತಂದು ಹಾಕ್ಯಾನ. ಬಾಜೂಮನಿ ಹುಡುಗ ನೋಡಿ ಹೇಳಿದ ಮ್ಯಾಲ ನಮಗ ಗೊತ್ತಾಯ್ತು.”

ಹುಡುಗ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. “ಏನು ಹಾಕಿದಿ ಮಗಾ, ನನಗೂ ತೋರಿಸು” ಎಂದೆ. ಬೈಯುವ ಬದಲು ನೋಡಬೇಕೆಂದದ್ದು ಅವನಿಗೆ ಆಶ್ಚರ್ಯವಾಯಿತೋ ಏನೋ, ಲ್ಯಾಪ್‌ಟಾಪ್ ತೆರೆದ.

ಅದು ‘ದಿ ಸಿಮ್ಸ್’ ಎಂಬ ಆಟ. ನಿಮ್ಮಲ್ಲಿ ಅನೇಕರ ಮಕ್ಕಳಿಗೆ ಇದು ಗೊತ್ತಿರಬಹುದು, ನಿಮಗೆ ಗೊತ್ತಿಲ್ಲದಿರಬಹುದು. ಇದರಲ್ಲಿ ಗುಂಡು ಹಾರಿಸುವುದಿಲ್ಲ, ಯಾರನ್ನೂ ಸೋಲಿಸುವುದಿಲ್ಲ. ಸಣ್ಣ ಸಣ್ಣ ಮನುಷ್ಯರನ್ನು ಸೃಷ್ಟಿಸಿ, ಅವರಿಗೆ ಮನೆ ಕಟ್ಟಿ, ಊಟ, ನಿದ್ರೆ, ಕೆಲಸ, ಮದುವೆ, ಮಕ್ಕಳು ಎಲ್ಲವನ್ನೂ ನಡೆಸಬೇಕು. ನಮ್ಮ ಹೆಣ್ಣುಮಕ್ಕಳು ಚಿಕ್ಕಂದಿನಲ್ಲಿ ಗೊಂಬೆಗಳನ್ನಿಟ್ಟು ‘ಮನಿ ಆಟ’ ಆಡುತ್ತಿದ್ದರಲ್ಲ, ಅದೇ ಇಲ್ಲಿ ಪರದೆಯ ಮೇಲೆ. ಇದನ್ನು ರೂಪಿಸಿದ ವಿಲ್ ರೈಟ್ ಎಂಬ ಅಮೆರಿಕದವರ ಮನೆ 1991ರಲ್ಲಿ ಓಕ್‌ಲೆಂಡ್ ಬೆಟ್ಟಗಳ ಬೆಂಕಿಯಲ್ಲಿ ಸುಟ್ಟುಹೋಯಿತು. ಮತ್ತೆ ಮನೆ ಕಟ್ಟಿಕೊಳ್ಳುವಾಗಿನ ಅನುಭವದಿಂದ ಈ ಆಟದ ಯೋಚನೆ ಬೆಳೆಯಿತಂತೆ. ಮೊದಲ ಆಟ ಬಂದದ್ದು 2000ದಲ್ಲಿ. ನಾಲ್ಕನೆಯದು 2014ರಲ್ಲಿ. 2022ರ ಅಕ್ಟೋಬರಿನಿಂದ ಅದರ ಮೂಲ ಆಟವನ್ನು ಉಚಿತವಾಗಿ ಕೊಡುತ್ತಿರುವುದರಿಂದ ನಮ್ಮ ಕಲಬುರಗಿಯ ಓಣಿಯ ಹುಡುಗನ ಕೈಗೂ ಅದು ಬಂದಿದೆ.

ಈ ಆಟಕ್ಕೂ ಒಂದು ಮರ್ಯಾದೆ ಇದೆ. ಹತ್ತಿರದ ರಕ್ತಸಂಬಂಧಿಗಳಾದ ಇಬ್ಬರನ್ನು ಎದುರು ಬದುರು ನಿಲ್ಲಿಸಿದರೆ ಪ್ರಣಯದ, ಮದುವೆಯ ಆಯ್ಕೆಗಳು ಕಾಣಿಸಿಕೊಳ್ಳುವುದೇ ಇಲ್ಲ. 2022ರ ಜುಲೈ ಕೊನೆಯಲ್ಲಿ ಬಂದ ಒಂದು ಪರಿಷ್ಕರಣೆಯಲ್ಲಿ ಏನೋ ದೋಷ ನುಸುಳಿ, ಆಟದ ಪಾತ್ರಗಳು ತಮ್ಮ ಮನೆಯವರನ್ನೇ ಬಯಸತೊಡಗಿದವು. ಆಡುವವರು ಗಾಬರಿಯಾದರು. ಕಂಪನಿ ಅದು ತಪ್ಪೆಂದು ಒಪ್ಪಿ ಕೆಲವೇ ದಿನಗಳಲ್ಲಿ ಸರಿಪಡಿಸಿತು. ದೇವರ ಹೆಸರೆತ್ತದ ಆಟಕ್ಕೂ ಈ ಬೇಲಿ ಬೇಕೆನಿಸಿತು ಎಂಬುದನ್ನು ಗಮನಿಸಿ.

ಆದರೆ ‘ಮಾಡ್’ ಎಂಬುದೊಂದಿದೆ. ಆಟ ತಯಾರಿಸಿದವರಲ್ಲ, ಆಡುವವರೇ ಬರೆದು ಹಂಚುವ ಚಿಕ್ಕ ಚಿಕ್ಕ ತಿದ್ದುಪಡಿಗಳು ಇವು. ಹೊಸ ಸೀರೆ, ಹೊಸ ಕುರ್ಚಿ ತರುವ ಮಾಡ್‌ಗಳು ಸಾವಿರಾರು. ಆಟದ ನಿಯಮವನ್ನೇ ಬದಲಿಸುವ ಮಾಡ್‌ಗಳೂ ಇವೆ. ಅವುಗಳಲ್ಲಿ ಕೆಲವು ರಕ್ತಸಂಬಂಧದ ಬೇಲಿಯನ್ನು ಕಿತ್ತುಹಾಕುತ್ತವೆ. ಈ ಹುಡುಗ ತಂದು ಹಾಕಿದ್ದು ಅಂಥದ್ದನ್ನೇ.

ನನಗೂ ಒಳಗೊಳಗೆ ಕಸಿವಿಸಿಯಾಯಿತು. “ಯಾಕೆ ಹಾಕಿದಿ?” ಎಂದು ಕೇಳಿದೆ. ಅವನು ಪರದೆಯ ಮೇಲೆ ಒಬ್ಬೊಬ್ಬರನ್ನೇ ತೋರಿಸಿದ.

“ಇದು ನಮ್ಮಪ್ಪ. ಇದು ಅಮ್ಮ. ಇದು ಅಕ್ಕ, ಇದು ನಾ. ಇಕಿ ಕಮಲಾಪುರದ ಅಜ್ಜಿ. ನಾ ನಮ್ಮ ಮನಿ ಮಾಡ್ಲತ್ತಿದ್ದೆ ಫಾದರ್. ಅಜ್ಜಿ ಅಪ್ಪನ ಅಕ್ಕ ಅಂತ ಹಾಕ್ದೆ. ಅಮ್ಮ ಅಜ್ಜಿ ಮಗಳು ಅಂತ ಹಾಕ್ದೆ. ಆಮ್ಯಾಲ ಅಪ್ಪ-ಅಮ್ಮ ಗಂಡ-ಹೆಂಡ್ತಿ ಅಂತ ಹಾಕ್ಲಿಕ್ಕಿ ಅದು ಬಿಡ್ಲಿಲ್ಲ.”

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ತಾಯಿ ಸೆರಗಿನ ತುದಿ ಹಿಡಿದು ನಿಂತಿದ್ದರು. ಹುಡುಗ ತಂದದ್ದು ಹೊಲಸಲ್ಲ, ಪ್ರಿಯರೇ. ಅವನು ತನ್ನ ಮನೆಯನ್ನೇ ಕಟ್ಟಲು ಹೊರಟಿದ್ದ. ಆಟ ಅವನ ಮನೆಯನ್ನು ಒಪ್ಪಲಿಲ್ಲ.

ಅವನು ಕೇಳಿದ: “ಫಾದರ್, ನಮ್ಮ ಮನಿ ತಪ್ಪಾ?”

ಆಟಕ್ಕೆ ಗೊತ್ತಿಲ್ಲದ ನಂಟು

ಈ ಪ್ರಶ್ನೆಯನ್ನು ನಮ್ಮಲ್ಲಿ ಎಷ್ಟೋ ಮಕ್ಕಳು ಕೇಳಬಹುದು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಕರ್ನಾಟಕದಲ್ಲಿ ಜಾತಿ ಮತಗಳನ್ನು ಮೀರಿ ಬಂದ ರೂಢಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ತಂದೆತಾಯಿಯರನ್ನು ವಿಚಾರಿಸಿ ನಡೆಸಿದ ದೊಡ್ಡ ಅಧ್ಯಯನದಲ್ಲಿ ಸುಮಾರು ಮೂರು ಮದುವೆಗಳಲ್ಲಿ ಒಂದು ರಕ್ತಸಂಬಂಧದೊಳಗಿನದು ಎಂದು ಕಂಡುಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ನಮ್ಮ ರಾಜ್ಯದಲ್ಲಿ ಅದು ನೂರಕ್ಕೆ ಸುಮಾರು 27. 1955ರ ಹಿಂದೂ ವಿವಾಹ ಕಾಯಿದೆ ಇಂಥ ಮದುವೆಗಳನ್ನು ನಿಷೇಧಿಸಿದರೂ ರೂಢಿ ಇರುವಲ್ಲಿ ಬಿಟ್ಟುಕೊಟ್ಟಿದೆ.

ನಮ್ಮ ಮಾತಿನಲ್ಲೇ ಇದರ ಗುರುತು ಇದೆ. ತಂದೆಯ ತಮ್ಮ ಕಾಕಾ, ತಾಯಿಯ ತಮ್ಮ ಮಾಮಾ. ಕಾಕಾನ ಮಗ ಅಣ್ಣ-ತಮ್ಮ, ಅವನನ್ನು ಮದುವೆಯಾಗುವ ಮಾತನ್ನು ಆಡಿದರೂ ನಾಲಿಗೆ ಕಚ್ಚಿಕೊಳ್ಳುತ್ತೇವೆ. ಮಾಮಾನ ಮಗನೋ ‘ವರಸೆ’ಯವನು. ಗಂಡನ ತಾಯಿಗೂ ಅತ್ತೆ, ತಂದೆಯ ತಂಗಿಗೂ ಅತ್ತೆ. ಆಟಕ್ಕೆ ಇದೊಂದೂ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಕಾಕಾನೂ ‘ಅಂಕಲ್’, ಮಾಮಾನೂ ‘ಅಂಕಲ್’. ಅಮೆರಿಕದಲ್ಲಿ ಕುಳಿತು ಬರೆದ ನಿಯಮ ಕಮಲಾಪುರದ ನಂಟನ್ನು ಹೇಗೆ ತಿಳಿದೀತು?

ಹುಡುಗನಿಗೆ ನಾನು ಬೈಬಲಿನ ಒಂದು ಮನೆಯ ಕಥೆ ಹೇಳಿದೆ. ಮೋಶೆಯ ತಂದೆ ಅಮ್ರಾಮ, ತಾಯಿ ಯೋಕೆಬೆದ. ವಿಮೋಚನಾಕಾಂಡದ ಆರನೆಯ ಅಧ್ಯಾಯ ಹೇಳುವಂತೆ ಆಕೆ ಅಮ್ರಾಮನ ತಂದೆಯ ಸೋದರಿ. ಅದೇ ಮೋಶೆಯ ಮೂಲಕ ಬಂದ ಧರ್ಮಶಾಸ್ತ್ರ, ಯಾಜಕಕಾಂಡದ ಹದಿನೆಂಟನೆಯ ಅಧ್ಯಾಯದಲ್ಲಿ, ತಂದೆಯ ಸೋದರಿಯೊಡನೆ ಸಂಬಂಧ ಕೂಡದೆಂದು ವಿಧಿಸುತ್ತದೆ. ಯಕೋಬನು ಮದುವೆಯಾದದ್ದು ತನ್ನ ಸೋದರಮಾವ ಲಾಬಾನನ ಇಬ್ಬರು ಹೆಣ್ಣುಮಕ್ಕಳನ್ನು. ಅಕ್ಕತಂಗಿಯರನ್ನು ಸವತಿಯರಾಗಿ ತರುವುದನ್ನೂ ಮುಂದೆ ಅದೇ ಅಧ್ಯಾಯ ತಡೆಯುತ್ತದೆ. ಹಾಗೆಂದು ದೇವರು ಮೋಶೆಯ ಮನೆಯನ್ನಾಗಲಿ ಯಕೋಬನ ಮನೆಯನ್ನಾಗಲಿ ತಳ್ಳಿಹಾಕಲಿಲ್ಲ. ಇಸ್ರಾಯೇಲಿನ ಹನ್ನೆರಡು ಕುಲಗಳು ಯಕೋಬನ ಮನೆಯಿಂದಲೇ ಬಂದವು. “ನಿಮ್ಮ ಮನೆ ತಪ್ಪಲ್ಲ ಮಗಾ. ನಿನ್ನ ಅಪ್ಪ ಅಮ್ಮ ಬಲಿಪೀಠದ ಮುಂದೆ ಮದುವೆಯಾದವರು. ಧರ್ಮಾಧ್ಯಕ್ಷರು ಕಾಗದ ಬರೆದು ಕೊಟ್ಟ ವಿನಾಯಿತಿಯ ಮೇಲೆ ಆ ಮದುವೆ ನಡೆದಿದೆ” ಎಂದೆ.

ಆಗ ಅವನು ತಲೆಯೆತ್ತಿ ಕೇಳಿದ ಪ್ರಶ್ನೆಗೆ ನನ್ನ ಸೆಮಿನರಿಯ ಯಾವ ಪುಸ್ತಕದಲ್ಲೂ ಸಿದ್ಧ ಉತ್ತರವಿರಲಿಲ್ಲ: “ಹಂಗಾದ್ರ ಬಿಷಪ್ಪರೂ ಒಂದು ಮಾಡ್ ಹಾಕಿದ್ರಾ?”

ಒಂದು ಬಾಗಿಲು ಬೇರೆ, ಎಲ್ಲ ಗೋಡೆ ಬೇರೆ

ನಗಬೇಡಿ, ಪ್ರಿಯರೇ. ಹುಡುಗ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದ. ಸಭೆಯ ನಿಯಮ ಬದಲಾಗಬಹುದು ಎಂದಾದರೆ, ಬದಲಾಗದ್ದು ಯಾವುದು?

ಚರಿತ್ರೆಯನ್ನು ನೋಡಿದರೆ ಧರ್ಮಸಭೆ ಈ ನಿಯಮವನ್ನು ಅನೇಕ ಸಲ ಬದಲಿಸಿದೆ. ಒಂದು ಕಾಲದಲ್ಲಿ ಏಳು ತಲೆಮಾರಿನವರೆಗೆ ಸಂಬಂಧ ಎಣಿಸಿ ಮದುವೆ ತಡೆಯುತ್ತಿದ್ದರು. ಅಷ್ಟು ದೂರದ ನಂಟು ಯಾರಿಗೆ ನೆನಪಿರುತ್ತದೆ? 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಅದನ್ನು ನಾಲ್ಕಕ್ಕೆ ಇಳಿಸಿತು. 1917ರ ಸಂಹಿತೆ ಇನ್ನಷ್ಟು ಕಿರಿದು ಮಾಡಿತು. ಈಗ ಜಾರಿಯಲ್ಲಿರುವ 1983ರ ಸಂಹಿತೆಯ 1091ನೆಯ ವಿಧಿಯಂತೆ ಅಡ್ಡ ಸಾಲಿನಲ್ಲಿ ನಾಲ್ಕನೆಯ ಮೆಟ್ಟಿಲಿನವರೆಗೆ ಮದುವೆಗೆ ಅಡ್ಡಿಯುಂಟು. ಮೆಟ್ಟಿಲು ಎಣಿಸುವುದು ಹೀಗೆ: ಮೂಲ ಹಿರಿಯರನ್ನು ಬಿಟ್ಟು ಎರಡೂ ಕಡೆಯ ಜನರನ್ನು ಎಣಿಸಿ. ಅಣ್ಣ-ತಂಗಿ ಎರಡು. ಸೋದರಮಾವ ಮತ್ತು ಸೊಸೆ, ನಡುವೆ ಆಕೆಯ ತಾಯಿ, ಒಟ್ಟು ಮೂರು. ಸೋದರತ್ತೆ, ಸೋದರಮಾವಂದಿರ ಮಕ್ಕಳು ನಾಲ್ಕು.

ಈ ಮೂರು ಮತ್ತು ನಾಲ್ಕನೆಯ ಮೆಟ್ಟಿಲುಗಳು ಧರ್ಮಸಭೆ ತಾನೇ ಹಾಕಿದ ಬೇಲಿ. ತಕ್ಕ ಕಾರಣವಿದ್ದರೆ ಧರ್ಮಾಧ್ಯಕ್ಷರು ಅದರಲ್ಲಿ ವಿನಾಯಿತಿ ಕೊಡಬಹುದು. ಆದರೆ ತಂದೆ-ಮಗಳು, ತಾಯಿ-ಮಗ, ಅಜ್ಜ-ಮೊಮ್ಮಗಳು ಎಂಬ ನೇರ ಸಾಲಿನಲ್ಲಿ, ಮತ್ತು ಒಡಹುಟ್ಟಿದವರ ನಡುವೆ, ವಿನಾಯಿತಿ ಎಂದಿಗೂ ಇಲ್ಲ. 1078ನೆಯ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅಂಥ ಸಂಬಂಧವಿರಬಹುದೆಂಬ ಸಂಶಯವೊಂದಿದ್ದರೂ ಮದುವೆಗೆ ಅವಕಾಶವಿಲ್ಲ. ದತ್ತು ಮಕ್ಕಳನ್ನೂ ಸಂಹಿತೆ ಈ ರಕ್ಷಣೆಯೊಳಗೆ ತಂದಿದೆ. ರಕ್ತ ಬೇರೆಯಾದರೂ ಮಗಳು ಮಗಳೇ.

ಇದನ್ನು ಹುಡುಗನಿಗೆ ತಿಳಿಯುವ ಹಾಗೆ ಹೀಗೆ ಹೇಳಿದೆ: “ನೀನು ಹಾಕಿದ ಮಾಡ್‌ಗೆ ನಿನ್ನ ಅಪ್ಪ ಯಾರು, ಅಮ್ಮ ಯಾರು, ನಿನ್ನ ಮನೆಯ ಕಥೆ ಏನು ಗೊತ್ತಿಲ್ಲ. ನಿನಗೆ ಬೇಕಾಗಿದ್ದದ್ದು ಒಂದು ಬಾಗಿಲು. ಅದು ಮನೆಯ ಎಲ್ಲ ಗೋಡೆಗಳನ್ನೂ ಕೆಡವಿತು. ಈಗ ನಿನ್ನ ಆಟದಲ್ಲಿ ಅಜ್ಜನಿಂದಲೂ ಮೊಮ್ಮಗಳಿಗೆ ರಕ್ಷಣೆ ಇಲ್ಲ. ಬಿಷಪ್ಪರ ಕಾಗದ ಹಾಗಲ್ಲ. ಅದರಲ್ಲಿ ಇಬ್ಬರ ಹೆಸರಿದೆ, ಕಾರಣ ಇದೆ, ತಾರೀಖು ಇದೆ. ಅದು ಆ ಇಬ್ಬರಿಗೆ ಮಾತ್ರ. ಪಕ್ಕದ ಮನೆಯವರಿಗೂ ಅದು ನಡೆಯುವುದಿಲ್ಲ.”

ಅವನು ಸ್ವಲ್ಪ ಹೊತ್ತು ಯೋಚಿಸಿ “ಹೌದ್ರಿ” ಎಂದ. ಆ ಮಾಡ್ ತೆಗೆದರೆ ಅಪ್ಪ ಅಮ್ಮ ಬೇರೆ ಬೇರೆಯಾಗುತ್ತಾರೋ ಏನೋ ಎಂಬ ಚಿಂತೆ ಮಾತ್ರ ಅವನ ಮುಖದಲ್ಲಿತ್ತು.

ಸಂಜೆ ನಾನು ವಿವಾಹ ದಾಖಲೆ ಪುಸ್ತಕ ತೆಗೆದು ನೋಡಿದೆ. 2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ ಸ್ಥಾಪನೆಯಾಗುವುದಕ್ಕೆ ಸ್ವಲ್ಪ ಮೊದಲು ನಡೆದ ಮದುವೆ ಅದು. ವಿನಾಯಿತಿಯ ಕಾಗದ ಹಳದಿಯಾಗಿ ಅಲ್ಲೇ ಇತ್ತು. ಆ ಕಾಗದವನ್ನು ನಾನು ಹುಡುಕಿದ್ದಕ್ಕೆ ಇನ್ನೊಂದು ಕಾರಣವಿತ್ತು. ಬೆಳಗ್ಗೆ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದ ತಂದೆ, ತಗ್ಗಿದ ದನಿಯಲ್ಲಿ ಹೇಳಿದ್ದರು: “ಫಾದರ್, ಮಗಳ ಮದಿವಿ ಮಾತು ನಡ್ದದ. ಕಮಲಾಪುರದ ಅವರ ಮಾಮಾಗೇ. ನಮಗ ಮಾಡಿಕೊಟ್ಟಂಗ ಒಂದು ಕಾಗದ ಮಾಡಿಕೊಡ್ಬೇಕು.”

ಒಳಗೆ ಮಗನಿಗೆ ಬುದ್ಧಿ ಹೇಳಿರೆಂದವರು, ಹೊರಗೆ ಮಗಳಿಗಾಗಿ ಕಾಗದ ಕೇಳುತ್ತಿದ್ದರು.

ಬೇಲಿ ಯಾಕೆ?

ವಿನಾಯಿತಿಯ ಅರ್ಜಿಯಲ್ಲಿ ಗುರುಗಳು ಕಾರಣ ಬರೆಯಬೇಕು. ಆ ರಾತ್ರಿ ಕಾಗದ ಪೆನ್ನು ಹಿಡಿದು ಕುಳಿತೆ. ವಂಶದ ಗೆರೆ ಎಳೆದು ನೋಡಿದರೆ ಆ ಹುಡುಗಿ ಮತ್ತು ಅವಳ ಮಾಮಾ ತಾಯಿಯ ಕಡೆಯಿಂದ ಮೂರನೆಯ ಮೆಟ್ಟಿಲು. ತಂದೆಯ ಕಡೆಯಿಂದಲೂ ಅವನು ಸೋದರತ್ತೆಯ ಮಗ, ನಾಲ್ಕನೆಯ ಮೆಟ್ಟಿಲು. ಸಂಹಿತೆ ಈ ಅಡ್ಡಿಯನ್ನು ಎರಡು ಸಲ ಎಣಿಸುವುದಿಲ್ಲ. ಆದರೆ ರಕ್ತ ಎಣಿಸುತ್ತದೆ.

ಮಾವ-ಸೊಸೆಯರ ನಡುವೆ ಸರಾಸರಿ ನಾಲ್ಕರಲ್ಲೊಂದು ಪಾಲು ವಂಶವಾಹಿಗಳು ಒಂದೇ ಇರುತ್ತವೆ. ಸೋದರತ್ತೆ-ಮಾವಂದಿರ ಮಕ್ಕಳ ನಡುವೆ ಎಂಟರಲ್ಲೊಂದು. ತಂದೆತಾಯಿಯರಲ್ಲಿ ಅಡಗಿ ಕುಳಿತ ಒಂದೇ ದೋಷ ಮಗುವಿಗೆ ಎರಡೂ ಕಡೆಯಿಂದ ಬಂದಾಗ ಅದು ಕಾಯಿಲೆಯಾಗಿ ಹೊರಬೀಳುತ್ತದೆ. ಇಂಥ ಮನೆಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಯಾರೂ ಭಯಪಡಬೇಕಾಗಿಲ್ಲ. ಆದರೆ ತಲೆಮಾರಿನ ಮೇಲೆ ತಲೆಮಾರು ಅದೇ ಮನೆಯೊಳಗೆ ಸುತ್ತಿದರೆ ಅಪಾಯ ಹೆಚ್ಚುತ್ತ ಹೋಗುತ್ತದೆ.

ಕಮಲಾಪುರದ ಕೆಂಪು ಬಾಳೆಯನ್ನು ಬೆಳೆಯುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಬಾಳೆಗೆ ಬೀಜವಿಲ್ಲ. ತಾಯಿಗಿಡದ ಬುಡದಲ್ಲಿ ಒಡೆದ ಕಂದನ್ನೇ ಕಿತ್ತು ನೆಡುತ್ತೇವೆ. ತೋಟದ ಗಿಡಗಳೆಲ್ಲ ಒಂದೇ ತಾಯಿಯ ಪಡಿಯಚ್ಚು. ಹಣ್ಣಿನ ರುಚಿ ತಪ್ಪುವುದಿಲ್ಲ ನಿಜ, ಆದರೆ ಒಂದು ಗಿಡ ತಡೆಯಲಾರದ ರೋಗವನ್ನು ಪಕ್ಕದ ಗಿಡವೂ ತಡೆಯಲಾರದು.

ಇದು ದೇಹದ ಮಾತಾಯಿತು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಸಂತ ಅಗಸ್ಟೀನರು ‘ದೇವರ ನಗರ’ ಗ್ರಂಥದ ಹದಿನೈದನೆಯ ಪುಸ್ತಕದಲ್ಲಿ ಈ ವಿಷಯವನ್ನು ಚರ್ಚಿಸಿದ್ದಾರೆ. ಅವರ ವಾದದ ಸಾರ ಇಷ್ಟು: ಪ್ರೀತಿಯ ಹೆಸರುಗಳು ಅನೇಕ. ಅವೆಲ್ಲವನ್ನೂ ಒಬ್ಬರ ತಲೆಯ ಮೇಲೆ ಹೇರಬಾರದು. ತಂದೆ ಒಬ್ಬ, ಮಾವ ಇನ್ನೊಬ್ಬ ಆಗಲಿ. ಆಗ ಪ್ರೀತಿಯ ಹಗ್ಗ ಹೆಚ್ಚು ಜನರನ್ನು ಸುತ್ತುತ್ತದೆ. ಮುಂದೆ ಸಂತ ತೋಮಾಸ್ ಅಕ್ವಿನಾಸರೂ ಇದೇ ಕಾರಣವನ್ನು ಎತ್ತಿ ಹೇಳಿದರು. ಮದುವೆ ಎಂದರೆ ಎರಡು ಮನೆಗಳ ನಡುವೆ ಸೇತುವೆ. ಒಂದೇ ಮನೆಯೊಳಗೆ ಸೇತುವೆ ಕಟ್ಟಿದರೆ ದಾಟುವುದು ಎಲ್ಲಿಗೆ?

ಮೂರನೆಯ ಕಾರಣವನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹೇಳಲೇಬೇಕು. ಈ ಬೇಲಿ ಚಿಕ್ಕವರ ರಕ್ಷಣೆಗಾಗಿ ಇದೆ. ತನ್ನ ಮನೆಯ ಗಂಡಸರ ನಡುವೆ ಹೆಣ್ಣುಮಗು ನಿಶ್ಚಿಂತೆಯಿಂದ ಮಲಗಬೇಕು. ತಂದೆ, ಅಣ್ಣ, ಅಜ್ಜ, ಕಾಕಾ, ಮಾಮಾ ಎಂಬ ಹೆಸರುಗಳೇ ಅವಳಿಗೆ ಬಾಗಿಲ ಚಿಲಕ. ಆ ಚಿಲಕ ಮುರಿದ ಮನೆಗಳೂ ಇವೆ ಎಂಬುದು ಗುರುಗಳಾದ ನಮಗೆ ಗೊತ್ತು. ಅಂಥ ಸಂಕಟ ನಿಮ್ಮ ಗಮನಕ್ಕೆ ಬಂದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳನ್ನು ಕಾಯಲು 2012ರ ಪೋಕ್ಸೋ ಕಾಯಿದೆ ಇದೆ.

ಸ್ನಾನಿಕ ಯೊವಾನ್ನರನ್ನು ನೆನೆಯಿರಿ. ಹೆರೋದನು ಬದುಕಿದ್ದ ತನ್ನ ಸೋದರನ ಹೆಂಡತಿಯನ್ನು ಇಟ್ಟುಕೊಂಡಾಗ, ಇದು ಸಲ್ಲದು ಎಂದು ಎದುರಿಗೇ ಹೇಳಿದವರು ಅವರೊಬ್ಬರೇ. ಅದಕ್ಕೆ ತಲೆ ಕೊಟ್ಟರು. ಅರಸನ ಕೈಯಲ್ಲಿ ಅಧಿಕಾರವಿತ್ತು, ತನಗೆ ಬೇಕಾದಂತೆ ನಿಯಮ ಬದಲಿಸಿಕೊಂಡ. ಅವನ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ, ಅಷ್ಟೇ.

ಕಮಲಾಪುರದ ಅಜ್ಜಿ

ಮುಂದಿನ ವಾರ ಹುಡುಗಿಯನ್ನು ಗುರುನಿವಾಸಕ್ಕೆ ಕರೆಸಿ, ತಾಯಿಯನ್ನು ಹೊರಗೆ ಕೂರಿಸಿ, ಒಂದೇ ಪ್ರಶ್ನೆ ಕೇಳಿದೆ: “ನಿನ್ನನ್ನು ಯಾರಾದರೂ ಕೇಳಿದರಾ?” ಅವಳು ಇಲ್ಲವೆಂದು ತಲೆಯಾಡಿಸಿದಳು. “ಮಾಮಾ ಒಳ್ಳೇವ್ರೇ ಅದಾರ ಫಾದರ್. ಸಣ್ಣಾಕಿದ್ದಾಗ ಹೆಗಲ ಮ್ಯಾಲ ಕೂಡ್ಸಿಕೊಂಡು ಜಾತ್ರಿಗಿ ಕರ್ಕೊಂಡು ಹೋಗ್ಯಾರ. ನನಗ ಅವರು ಮಾಮಾನೇ ಇರ್ಲಿ.” ಇಷ್ಟು ಹೇಳಿ ಅತ್ತಳು. ತಮ್ಮನ ಆಟದ ಗಲಾಟೆ ನಡೆದ ದಿನ ಅವಳೂ ಅಲ್ಲೇ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು, ಒಂದು ಮಾತೂ ಆಡಿರಲಿಲ್ಲ.

ಮದುವೆಯನ್ನು ಮದುವೆಯಾಗಿಸುವುದು ಇಬ್ಬರ ಒಪ್ಪಿಗೆ. ಆ ಒಪ್ಪಿಗೆಯ ಬದಲಿಗೆ ಭೂಮಿಯ ಮೇಲಿನ ಯಾವ ಅಧಿಕಾರವೂ ನಿಲ್ಲಲಾರದು ಎಂಬುದು 1057ನೆಯ ವಿಧಿಯ ತಿರುಳು. ಒತ್ತಾಯಕ್ಕೆ, ಅಂಜಿಕೆಗೆ ಸಿಕ್ಕಿ ಹೇಳಿದ ‘ಹೂಂ’ ಮದುವೆಯೇ ಅಲ್ಲ ಎನ್ನುತ್ತದೆ 1103ನೆಯ ವಿಧಿ. ಧರ್ಮಾಧ್ಯಕ್ಷರು ರಕ್ತದ ಅಡ್ಡಿಗೆ ವಿನಾಯಿತಿ ಕೊಡಬಹುದು. ಹುಡುಗಿಯ ಮನಸ್ಸಿಗೆ ವಿನಾಯಿತಿ ಕೊಡಲು ಅವರಿಂದಲೂ ಆಗದು.

ನಾನು ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದೆ. ಅಜ್ಜಿ ತೋಟದ ಅಂಚಿನಲ್ಲಿ ಕುಳಿತಿದ್ದರು. ಅವರು ಕೆಟ್ಟವರಲ್ಲ. ಅವರ ಮಾತಿನಲ್ಲಿ ನ್ಯಾಯವೂ ಇತ್ತು. ತಮ್ಮನಿಗೆ ಮಗಳನ್ನು ಕೊಟ್ಟದ್ದರಿಂದ ಮಗಳು ಪರರ ಮನೆಯಲ್ಲಿ ಕಣ್ಣೀರಿಡಲಿಲ್ಲ. ವರದಕ್ಷಿಣೆಯ ಮಾತೇ ಬರಲಿಲ್ಲ. ಎರಡೆಕರೆ ಹೊಲ ಒಡೆಯಲಿಲ್ಲ. “ಈಗ ನನ್ನ ಮಗನಿಗಿ ಮೊಮ್ಮಗಳನ್ನ ತಂದ್ರ ತಪ್ಪೇನು? ಪರರ ಹುಡುಗಿ ಬಂದು ನನ್ನ ನೋಡ್ತಾಳೇನು?”

ಈ ಕೊನೆಯ ಮಾತು ನನಗೆ ನಾಟಿತು. ಹೊಲದ ಚಿಂತೆಗಿಂತ ದೊಡ್ಡದು ಅದು. ವಯಸ್ಸಾದ ಮೇಲೆ ತನ್ನನ್ನು ಯಾರು ನೋಡುತ್ತಾರೆ ಎಂಬ ಭಯ. ಆ ಭಯಕ್ಕೆ ಮೊಮ್ಮಗಳನ್ನು ಬೇಲಿಯಾಗಿ ನೆಡಲು ಹೊರಟಿದ್ದರು. ನಾನು ಹೇಳಿದೆ: “ಅಮ್ಮಾ, ಯೇಸುಸ್ವಾಮಿ ಶಿಲುಬೆಯ ಮೇಲಿದ್ದಾಗ ತಮ್ಮ ತಾಯಿಯನ್ನು ಯಾರ ಕೈಗೆ ಒಪ್ಪಿಸಿದರು? ಬಳಿಯಲ್ಲಿದ್ದ ಶಿಷ್ಯನ ಕೈಗೆ. ಅವನು ಆಕೆಯ ಹೊಟ್ಟೆಯಲ್ಲಿ ಹುಟ್ಟಿದ ಮಗನಲ್ಲ. ಆ ಗಳಿಗೆಯಿಂದ ಅವನು ಆಕೆಯನ್ನು ತನ್ನ ಮನೆಗೆ ಕರೆದುಕೊಂಡ. ರಕ್ತವಿಲ್ಲದೆಯೂ ಮಗನಾಗಬಹುದು, ಸೊಸೆಯಾಗಬಹುದು. ಹೊರಗಿನಿಂದ ಬಂದ ಹುಡುಗಿಯನ್ನು ನೀವು ಮಗಳೇ ಎಂದು ಕರೆದರೆ, ಅವಳೂ ಅಮ್ಮಾ ಎಂದಾಳು.”

“ನಾ ನನ್ನ ಮಗನಿಗಿ ಕೊಟ್ಟ ಮಾತು?” ಎಂದರು.

“ಇನ್ನೊಬ್ಬರ ಬದುಕನ್ನು ಅವರನ್ನು ಕೇಳದೆ ನಾವು ಮಾತು ಕೊಡಲು ಬರುವುದಿಲ್ಲ ಅಮ್ಮಾ” ಎಂದೆ. ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಚಹಾ ಕುಡಿದು ಹೋಗಿರೆಂದರು.

ನಾನು ಅರ್ಜಿ ಬರೆಯಲಿಲ್ಲ. ಎರಡು ತಿಂಗಳು ಆ ಮನೆಯವರು ನನ್ನೊಡನೆ ಬಿಗುವಾಗಿಯೇ ಇದ್ದರು. ಬಲಿಪೂಜೆಗೆ ಬಂದರೂ ಮಾತಾಡಿಸದೆ ಹೋಗುತ್ತಿದ್ದರು. ಆಮೇಲೊಂದು ಭಾನುವಾರ ಹುಡುಗ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದುಕೊಟ್ಟ. “ಅಜ್ಜಿ ಕಳ್ಸ್ಯಾಳ. ಮಾಮಾಗ ಬ್ಯಾರೆ ಕಡಿ ಹೆಣ್ಣು ನೋಡ್ಲತ್ತಾರ” ಎಂದ. ಮಾಮಾನನ್ನು ಕೇಳಿದಾಗ ಅವನೂ ಈ ಮದುವೆ ಬೇಡವೆಂದಿದ್ದನಂತೆ. ಅಷ್ಟು ದಿನ ಅವನನ್ನೂ ಯಾರೂ ಕೇಳಿರಲಿಲ್ಲ.

ನಾವು ಮಾಡಬೇಕಾದುದು

ಪ್ರಿಯ ತಂದೆತಾಯಿಯರೇ, ಮಕ್ಕಳ ಆಟವನ್ನು ದೂರದಿಂದ ಬೈಯಬೇಡಿ. ಪಕ್ಕದಲ್ಲಿ ಕುಳಿತು ನೋಡಿ. ಮಾಡ್‌ಗಳನ್ನು ಆಟದ ಕಂಪನಿ ಪರಿಶೀಲಿಸಿ ಕೊಡುವುದಿಲ್ಲ. ಕೆಲವದರಲ್ಲಿ ಮಕ್ಕಳು ನೋಡಬಾರದ ದೃಶ್ಯಗಳಿರುತ್ತವೆ, ಕೆಲವು ಕಂಪ್ಯೂಟರಿಗೇ ಹಾನಿ ಮಾಡುತ್ತವೆ. ಆದ್ದರಿಂದ ಏನು ತಂದು ಹಾಕುತ್ತಾರೆಂದು ವಿಚಾರಿಸುವುದು ನಿಮ್ಮ ಹಕ್ಕು, ಕರ್ತವ್ಯ. ಆದರೆ ಬೈಯುವ ಮೊದಲು ಯಾಕೆ ಎಂದು ಕೇಳಿ. ಕೆಟ್ಟ ಕುತೂಹಲವೂ ಇರಬಹುದು. ಆಗ ಬೇಲಿಯ ಕಾರಣ ಬಿಡಿಸಿ ಹೇಳಿ. ಅಥವಾ ನಿಮ್ಮ ಮಗು ನಿಮ್ಮ ಮನೆಯನ್ನೇ ಕಟ್ಟಲು ಹೆಣಗುತ್ತಿರಬಹುದು.

ರಕ್ತಸಂಬಂಧದಲ್ಲಿ ಮದುವೆಯಾದ ದಂಪತಿಗಳೇ, ನೀವು ತಲೆತಗ್ಗಿಸಬೇಕಾಗಿಲ್ಲ. ನಿಮ್ಮದು ಪವಿತ್ರ ವಿವಾಹ. ಆದರೆ ನಿಮಗೆ ತ���ರೆದ ಬಾಗಿಲು ನಿಮ್ಮ ಮಕ್ಕಳಿಗೂ ತೆರೆದೇ ಇರಬೇಕೆಂದು ಹಟ ಹಿಡಿಯಬೇಡಿ. ಮಾತುಕತೆಗೆ ಮೊದಲೇ ಗುರುಗಳ ಬಳಿ ಬನ್ನಿ. ಹತ್ತಿರದ ನಂಟಿದ್ದರೆ ವೈದ್ಯರ ಸಲಹೆ ಕೇಳಿ. ಎಲ್ಲಕ್ಕಿಂತ ಮೊದಲು ಹುಡುಗಿಯನ್ನು ಕೇಳಿ, ಹುಡುಗನನ್ನೂ ಕೇಳಿ.

ಆಟದಲ್ಲಿ ನಂಟು ಎಂಬುದು ಒಂದು ಗೆರೆ, ಅಳಿಸಿ ಬರೆಯಬಹುದು. ಆ ಗೆರೆಯ ಹಿಂದೆ ಅಳುವವರು ಯಾರೂ ಇಲ್ಲ. ನಮ್ಮ ಮನೆಯಲ್ಲಿ ಪ್ರತಿ ಹೆಸರಿನ ಹಿಂದೆ ಒಬ್ಬರು ನಮ್ಮ ಮೇಲೆ ಭರವಸೆ ಇಟ್ಟು ನಿಂತಿರುತ್ತಾರೆ. ಮಾಮಾ ಎಂದು ಕರೆಯುವ ಮಗುವಿಗೆ ನಾವು ಮಾಮಾ ಆಗಿಯೇ ಉಳಿಯಬೇಕು. ನಂಟಿನ ನಿಯಮದ ಅರ್ಥ ಅಷ್ಟೇ.

ಆ ಹುಡುಗನ ಆಟ ಏನಾಯಿತೆಂದು ನೀವು ಕೇಳಬಹುದು. ಮಾಡ್ ತೆಗೆದುಹಾಕಿದ್ದಾನೆ. ಈಗ ಅವನ ಪರದೆಯಲ್ಲಿ ಅಕ್ಕ ಒಂದು ಆಸ್ಪತ್ರೆಗೆ ಕೆಲಸಕ್ಕೆ ಹೋಗುತ್ತಾಳೆ. ಅಪ್ಪ ಅಮ್ಮನ ನಂಟಿನ ಗೆರೆಯನ್ನು ಆಟ ಈಗಲೂ ಒಪ್ಪುವುದಿಲ್ಲವಂತೆ. “ಅದಕ್ಕ ಗೊತ್ತಿಲ್ಲಂದ್ರ ಬಿಡ್ರಿ ಫಾದರ್, ನಮಗ ಗೊತ್ತದ” ಎಂದ.

ನಜರೇತಿನ ಪವಿತ್ರ ಕುಟುಂಬವನ್ನು ಕಾಪಾಡಿದ ತಂದೆಯಾದ ದೇವರು ನಮ್ಮ ಎಲ್ಲ ಮನೆಗಳನ್ನೂ, ನಮ್ಮ ಮಕ್ಕಳ ಆಟವನ್ನೂ ನಿದ್ರೆಯನ್ನೂ ಕಾಯಲಿ. ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.